ಕೇಪು ಕೋವಿಯ ಪರಿಚರ್ಯೆ

ಖಂಡೇನವಮಿಯ ದಿವಸ ಪುಣೆಯ ಹಳೆಯ ವಾಡೆಗಳಲ್ಲಿ ಕತ್ತಿ ಕಠಾರಿಗಳಿಗೆ ಅರಿಸಿನ ಕುಂಕುಮ ಏರುವುದನ್ನು ನಾವೆಲ್ಲರೂ ಬಲ್ಲೆವು; ಆದರೆ ಸೈನ್ಯದ ನೌಕರಿಯ ನಿಮಿತ್ತ ಈ ನಗರಕ್ಕೆ ಬಂದ ಕೊಡಗಿನವರಿಗೆ ಆಯುಧಪೂಜೆಯು ಅದಕ್ಕೂ ಮೊದಲೇ, ಸೆಪ್ಟೆಂಬರಿನ ಆರಂಭದಲ್ಲಿ, ಕೈಲ್ ಪೊಳ್ದ್ ಎಂಬ ಹೆಸರಿನಿಂದ ಬರುತ್ತದೆ. ಗದ್ದೆಯ ನಾಟಿ ಮುಗಿದು, ಕಕ್ಕಡ ಮಾಸದ ಜಡಿಮಳೆ ತಗ್ಗಿದ ಮೇಲೆ, ಕೃಷಿಯ ಕಾಲದಲ್ಲಿ ಎತ್ತಿಟ್ಟಿದ್ದ ಕೋವಿ, ಒಡಿಕತ್ತಿಗಳನ್ನು ಶುಚಿಗೊಳಿಸಿ, ಕನ್ನಿಕೊಂಬರೆ ಎಂಬ ದೇವರಕೋಣೆಯಲ್ಲಿರಿಸಿ, ಕೋವಿಯ ಬಾಯಿಗೆ ತೋಕ್ ಪೂ ಎಂಬ ಅಗ್ನಿಶಿಖೆಯ ಹೂವನ್ನು ಸಿಕ್ಕಿಸಿ ಪೂಜಿಸುವ ಈ ಹಬ್ಬವು ಪೂರ್ವದಲ್ಲಿ ಬೇಟೆಯ ಋತುವಿನ ಪ್ರಾರಂಭವೂ ಆಗಿದ್ದಿತು. ಹೂವು ನೋಡಲು ರಮಣೀಯವೇ ಸರಿ. ಆದರೆ ನನ್ನ ಮನಸ್ಸು ಒಲಿದಿರುವುದು ಅದಕ್ಕೆ ಮುಂಚೆ ಹಿತ್ತಲಿನಲ್ಲಿ ನಡೆಯುವ ತೊಳೆಯುವ ಕೆಲಸದ ಮೇಲೆ.

ನಳಿಗೆಯ ಬಾಯಿಂದಲೇ ಮದ್ದು ತುಂಬುವ ಕೋವಿಗೆ ಆ ಮದ್ದೇ ಪರಮಶತ್ರು. ನೂರು ಪಾಲಿನಲ್ಲಿ 75 ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ ಬೆರೆತ ಆ ಕರಿಯ ಪುಡಿಯು ಉರಿದಾಗ ಅರ್ಧಕ್ಕಿಂತ ಹೆಚ್ಚು ಪಾಲು ಅನಿಲವಾಗದೆ ಲವಣಗಳಾಗಿ ಉಳಿಯುತ್ತದೆ. ಒಂದಿಷ್ಟು ದಟ್ಟ ಹೊಗೆಯಾಗಿ ಹೊರಬಿದ್ದು, ಮಿಕ್ಕದ್ದು ನಳಿಗೆಯ ಒಳಮೈಗೆ ಮಸಿಯಾಗಿ ಅಂಟಿ, ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನತೊಡಗುತ್ತದೆ. ವರ್ಷಕ್ಕೆ 700 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಪುಣೆಯಲ್ಲಿಯೇ ಇದು ಹಾನಿಕರವೆಂದ ಮೇಲೆ, 3,000 ಮಿಲಿಮೀಟರನ್ನೂ ಮೀರುವ ಮಡಿಕೇರಿಯ ಮಾತನ್ನು ಹೇಳಬೇಕೆ?

ಲವಣವು ಎಣ್ಣೆಗೆ ಕರಗುವುದಿಲ್ಲ, ನೀರಿಗೆ ಕರಗುತ್ತದೆ. ಆದುದರಿಂದ ಬಲ್ಲವನು ಮೊದಲು ಎಣ್ಣೆಯ ಸೀಸೆಗೆ ಕೈಹಾಕನು. ಬಡಿದರೆ ಕಿಡಿ ಕಾರುವ ಲೋಹದ ಟೋಪಿಯಾದ ಕೇಪು ಕೂರುವ ಪುಟ್ಟ ಕೊಳವೆಯನ್ನು ತಿರುಗಿಸಿ ಕಳಚಿ, ನಳಿಗೆಯ ಬುಡವನ್ನು ಬಿಸಿನೀರಿನ ಬೋಗುಣಿಯಲ್ಲಿ ಅದ್ದಿ, ಬಟ್ಟೆ ಸುತ್ತಿದ ಗಜವೆಂಬ ಸಲಾಕೆಯನ್ನು ಮೇಲಕ್ಕೂ ಕೆಳಕ್ಕೂ ಆಡಿಸುವಾಗ ನೀರು ಬುಡದ ರಂಧ್ರದಿಂದ ಒಳಕ್ಕೇರಿ ಶಾಯಿಯಂತೆ ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆಯೊಡನೆ ಇಳಿಯುತ್ತದೆ. ಬಟ್ಟೆ ಬೆಳ್ಳಗೆ ಹೊರಬರುವವರೆಗೆ ನೀರನ್ನು ಬದಲಿಸಬೇಕು. ಕಡೆಯ ನೀರು ಮಾತ್ರ ಕುದಿಯುತ್ತಿರಬೇಕು, ಏಕೆಂದರೆ ಕೈಯಲ್ಲಿ ಹಿಡಿಯಲಾರದಷ್ಟು ಕಾದ ನಳಿಗೆಯು ಬಟ್ಟೆ ಮುಟ್ಟದ ಮೂಲೆಗಳ ಪಸೆಯನ್ನೂ ತನ್ನ ಕಾವಿನಿಂದಲೇ ಆರಿಸಿಕೊಳ್ಳುತ್ತದೆ. ಎಣ್ಣೆಯ ಸರದಿ ಆ ಬಳಿಕ. ಮರದ ಹಿಡಿಗೆ ಅಗಸೆ ಎಣ್ಣೆ ಸಾಕು. ಎರಡು ದಿನ ಬಿಟ್ಟು ಮತ್ತೊಮ್ಮೆ ಬಟ್ಟೆ ಹಾಯಿಸಿ ನೋಡದವನ ಶ್ರದ್ಧೆಯನ್ನು ನಾನು ನಂಬಲಾರೆ.

ಈ ಮಸಿಗೆ ಚರಿತ್ರೆಯಲ್ಲಿಯೂ ಪಾತ್ರವುಂಟು. ಒಳಗೆ ಸುರುಳಿಗೀರುಗಳುಳ್ಳ ನಳಿಗೆಯಲ್ಲಿ ಗುಂಡು ಬಿಗಿಯಾಗಿ ಇಳಿಯಬೇಕಾದುದರಿಂದ, ಹಿಂದಿನ ಈಡಿನ ಮಸಿ ಮೆತ್ತಗಾಗಿರಲೆಂದು ತೋಟಾಕ್ಕೆ ಜಿಡ್ಡು ಸವರುತ್ತಿದ್ದರು. 1857ರಲ್ಲಿ ಸಿಪಾಯಿಗಳನ್ನು ಕೆರಳಿಸಿದ ಎನ್‌ಫೀಲ್ಡ್ ತೋಟಾದ ಕೊಬ್ಬು ಈ ಕಾರಣಕ್ಕಾಗಿಯೇ ಅಲ್ಲಿಗೆ ಬಂದಿತ್ತು.

ಇನ್ನು ಹಬ್ಬಕ್ಕೆ ಮುನ್ನ ಕೋವಿಯನ್ನು ಅಣಿಗೊಳಿಸುವ ಬಗೆ. ಮಳೆಗಾಲವೆಲ್ಲ ನಳಿಗೆಯನ್ನು ಕಾದ ಎಣ್ಣೆಯೇ ಈಗ ಮದ್ದನ್ನು ನೆನೆಸುವ ಕಂಟಕವಾಗುವುದರಿಂದ ಅದನ್ನು ಪೂರ್ಣವಾಗಿ ಒರೆಸಿ ತೆಗೆದು, ಬರಿಯ ಕೋವಿಗೆ ಕೇಪು ಕೂರಿಸಿ, ಬಾಯನ್ನು ನೆಲದ ಹುಲ್ಲಿನೆಡೆಗೆ ಹಿಡಿದು ಕೇಪನ್ನು ಬಡಿಯುವ ಕುದುರೆಯನ್ನು ಬಿಡುತ್ತಾರೆ. ಹುಲ್ಲಿನ ಎಸಳು ಅಲುಗಿದರೆ ದಾರಿ ನಿರ್ಮಲವಾಗಿದೆಯೆಂದು ತಿಳಿಯಬೇಕು. ಎಷ್ಟು ಸರಳವಾದ, ಎಷ್ಟು ಸುಂದರವಾದ ಪರೀಕ್ಷೆ! ಈ ಬಡಿತದ ಕಿಡಿಯ ತತ್ತ್ವಕ್ಕೆ 1807ರಲ್ಲಿ ಹಕ್ಕುಪತ್ರ ಪಡೆದವನು ಅಲೆಕ್ಸಾಂಡರ್ ಫೋರ್ಸಿತ್ ಎಂಬ ಸ್ಕಾಟ್ಲೆಂಡಿನ ಪಾದ್ರಿ. ಚಕಮಕಿ ಕೋವಿಯ ಮಿಂಚಿಗೆ ಹಕ್ಕಿಗಳು ಬೆದರಿ ಹಾರಿಹೋಗುತ್ತಿದ್ದುದು ಅವನ ಚಿಂತೆಯಾಗಿತ್ತು. ಧರ್ಮೋಪದೇಶಕನಿಗೆ ತಕ್ಕ ಚಿಂತೆಯೋ ಅಲ್ಲವೋ, ನೀವೇ ಹೇಳಿ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಬೇಟೆ ನಿಂತಿತು. ನಿಂತದ್ದು ಯೋಗ್ಯವೇ ಆಯಿತು. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್‌ನಿಂದ ಕೊಡವರಿಗೆ ದೊರೆತ ಆಯುಧದ ವಿನಾಯಿತಿಯು ಇಂದಿಗೂ ರೂಪಾಂತರದಲ್ಲಿ, 2029ರವರೆಗಿನ ಅವಧಿಗೆ, ಕೊಡವರಿಗೂ ಜಮ್ಮಾ ಎಂಬ ಆನುವಂಶಿಕ ಭೂಮಿಯ ಹಿಡುವಳಿದಾರರಿಗೂ ಸಲ್ಲುತ್ತಿದೆ. ಕೈಲ್ ಪೊಳ್ದಿನಲ್ಲಿ ಈಗ ಗುರಿಯಾಗುವುದು ತೆಂಗಿನಕಾಯಿ. ಅದಲ್ಲದೆ ಕೋವಿಯ ಸದ್ದು ಕೇಳುವುದು ಪುತ್ತರಿ ಎಂಬ ಸುಗ್ಗಿಹಬ್ಬಕ್ಕೆ, ಮನೆಯ ಜನನಕ್ಕೆ, ಮರಣಕ್ಕೆ.

ಹಬ್ಬಕ್ಕೆಂದು ಪುಣೆಯಿಂದ ಊರಿನ ಐನ್‌ಮನೆ ಎಂಬ ಕುಲದ ಮನೆಗೆ ಹೊರಡುವವರಲ್ಲಿ ನನ್ನದೊಂದು ವಿಜ್ಞಾಪನೆ. ಅಜ್ಜನ ಕಾಲದ ಕೋವಿಯನ್ನು ಗೋಡೆಯಿಂದ ಇಳಿಸಿದೊಡನೆ ಕೇಪು ಇಲ್ಲವೆಂಬುದನ್ನು ನೋಡಿ, ಗಜವನ್ನು ನಳಿಗೆಯೊಳಗೆ ಇಳಿಬಿಟ್ಟು, ಬಾಯಿಯ ಮಟ್ಟಕ್ಕೆ ಬೆರಳಿನಿಂದ ಗುರುತು ಹಿಡಿದು, ಹೊರತೆಗೆದು ನಳಿಗೆಯ ಪಕ್ಕಕ್ಕಿಟ್ಟು ಅಳೆಯಿರಿ. ಗಜವು ಬುಡದವರೆಗೆ ಮುಟ್ಟಿದರೆ ಕೋವಿ ಬರಿದು. ನಾಲ್ಕು ಬೆರಳು ಮೋಟಾದರೆ ಹಳೆಯ ಈಡು ಇನ್ನೂ ಒಳಗೆ ಇರಬಹುದು. ಅಂಥದನ್ನು ಮಕ್ಕಳ ಕೈಗೂ ಒಲೆಯ ಬಳಿಗೂ ಒಯ್ಯದೆ, ಕೆಲಸ ಬಲ್ಲ ಕೋವಿ ರಿಪೇರಿಯವರಿಗೆ ಒಪ್ಪಿಸಿರಿ.