ಹೆಣ್ಣು ಕೋಶ, ಗಂಡು ಕೋಶ



ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ರೇಷ್ಮೆ ಹುಳು ನೋಡದ ಹೆಂಗಸು ಇಲ್ಲ. ಸೊಪ್ಪು ಕೊಯ್ಯುವವರು ನಾವು. ಚಾಕಿ ನೋಡಿಕೊಳ್ಳುವವರು ನಾವು. ಹಣ್ಣಾದ ಹುಳು ಆರಿಸಿ ಚಂದ್ರಿಕೆಗೆ ಬಿಡುವವರೂ ನಾವೇ. ಆದರೆ ಮೊಟ್ಟೆ ಎಲ್ಲಿಂದ ಬಂತು ಅಂದರೆ, ‘ಬಿತ್ತನೆ ಕೋಠಿಯಿಂದ’ ಅಂತ ಹೇಳಿ ಸುಮ್ಮನಾಗ್ತೀವಿ. ಆ ಕೋಠಿಯ ಒಳಗೆ ಏನು ನಡೆಯುತ್ತೆ ಅಂತ ಇವತ್ತು ಹೇಳ್ತೀನಿ.

ಮಾಗಡಿ ಕಡೆ ಬಿತ್ತನೆ ಗೂಡು ಬೆಳೀತಾರೆ. ಅದು ಮೈಸೂರು ತಳಿ. ಗೂಡು ಹಸಿರು ಹಳದಿ, ತುದಿ ಚೂಪು. ನೂಲು ಕಡಿಮೆ. ಆದರೆ ಹುಳು ಗಟ್ಟಿ, ನಮ್ಮ ಬಿಸಿಲು ತಡೆಯುತ್ತೆ. ಇನ್ನೊಂದು ಬಿಳಿ ಗೂಡಿನ ಬೈವೋಲ್ಟೀನ್ ತಳಿ. ಅದರಲ್ಲಿ ನೂಲು ಜಾಸ್ತಿ, ಹುಳು ಮಾತ್ರ ಬಲು ಸೂಕ್ಷ್ಮ. ಮೈಸೂರು ಹೆಣ್ಣನ್ನೂ ಬೈವೋಲ್ಟೀನ್ ಗಂಡನ್ನೂ ಕೂಡಿಸಿದರೆ ಮಿಶ್ರತಳಿ. ತಾಯಿಯ ಗಟ್ಟಿತನ, ತಂದೆಯ ನೂಲು, ಎರಡೂ ಬೇಕು ಅಂತ ಈ ಸಂಬಂಧ. ಸಿ.ಎಸ್.ಆರ್. 2 ಅನ್ನೋ ಹೆಸರು ಕೇಳಿರಬಹುದು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯವರು ಬೆಳೆಸಿದ ಬಿಳಿ ಗೂಡಿನ ತಳಿ ಅದು.

ಮೊದಲು ಗೂಡು ಆರಿಸಬೇಕು. ಜೋಡಿ ಗೂಡು, ತೆಳು ಗೂಡು, ಕಲೆ ಬಿದ್ದ ಗೂಡು, ಸೊಟ್ಟ ಗೂಡು ಎಲ್ಲಾ ಆಚೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಕೋಶ ಟಕ್ ಟಕ್ ಅನ್ನಬೇಕು. ಕೋಶ ಕರಗಿ ಅಂಟಿಕೊಂಡಿದ್ದರೆ ಸದ್ದು ಬರಲ್ಲ.

ಇನ್ನು ಹೆಣ್ಣು ಗಂಡು ಗುರುತಿಸೋ ಕೆಲಸ. ಗೂಡಿನ ತುದಿ ಕೊಯ್ದು ಕೋಶವನ್ನು ಮೆಲ್ಲಗೆ ಹೊರಗೆ ತೆಗೀರಿ. ಹೆಣ್ಣು ದಪ್ಪ, ತೂಕ ಹೆಚ್ಚು, ಹೊಟ್ಟೆ ಅಗಲ. ಗಂಡು ಸಣ್ಣ, ಬಾಲದ ಕಡೆ ಸಪೂರ. ಆದರೆ ಗಾತ್ರ ನಂಬಿದರೆ ಮೋಸ ಹೋಗ್ತೀರಿ. ಚೆನ್ನಾಗಿ ಮೇಯ್ದ ಗಂಡೂ ದಪ್ಪ ಇರುತ್ತೆ. ಅದಕ್ಕೇ ಕೋಶ ತಿರುಗಿಸಿ ಹೊಟ್ಟೆಯ ಕಡೆ ನೋಡಿ. ಉಂಗುರ ಉಂಗುರ ಕಾಣುತ್ತೆ. ಎಂಟನೇ ಉಂಗುರದಲ್ಲಿ ಗುಣಾಕಾರದ ಗುರುತಿನ ಹಾಗೆ ಸಣ್ಣ ಗೆರೆ ಇದ್ದರೆ ಅದು ಹೆಣ್ಣು. ಒಂಬತ್ತನೇ ಉಂಗುರದಲ್ಲಿ ಒಂದೇ ಒಂದು ಚುಕ್ಕೆ ಇದ್ದರೆ ಗಂಡು. ಬೆಳಕಿನ ಕಡೆ ಮುಖ ಮಾಡಿ ಕೂತರೆ ಚೆನ್ನಾಗಿ ಕಾಣುತ್ತೆ.

ಇಷ್ಟೊಂದು ನೋಡಬೇಕಾ ಅಂತ ಕೇಳಬಹುದು. ಮೈಸೂರು ಹೆಣ್ಣುಗಳ ತಟ್ಟೆಯಲ್ಲಿ ಅದೇ ತಳಿಯ ಒಂದು ಗಂಡು ಉಳಿಯಿತು ಅಂತಿಟ್ಟುಕೊಳ್ಳಿ. ಚಿಟ್ಟೆ ಬೆಳಗಿನ ಜಾವ ಹೊರಗೆ ಬರುತ್ತೆ. ಬಂದ ಸ್ವಲ್ಪ ಹೊತ್ತಿಗೇ ಕೂಡುತ್ತೆ. ಆ ಮೊಟ್ಟೆ ಮಿಶ್ರತಳಿ ಅಲ್ಲ. ನೋಡಿದರೆ ಗೊತ್ತಾಗಲ್ಲ! ಚನ್ನಪಟ್ಟಣದ ಯಾವಳೋ ಅಕ್ಕ ಅದನ್ನು ಮಿಶ್ರತಳಿ ಅಂತ ದುಡ್ಡು ಕೊಟ್ಟು ತಂದು, ಹಗಲು ರಾತ್ರಿ ಸೊಪ್ಪು ಹಾಕ್ತಾಳೆ. ಕೊನೆಗೆ ಸಣ್ಣ ಗೂಡು. ರಾಮನಗರದ ಮಾರುಕಟ್ಟೆಯಲ್ಲಿ ಅದಕ್ಕೆ ರೇಟು ಸಿಗಲ್ಲ. ಸಾಲ ಹಾಗೇ ಉಳಿಯುತ್ತೆ. ನಾವು ‘ನೂರು ಮೊಟ್ಟೆ’ ಅನ್ನೋದು ನೂರು ತಾಯಿ ಚಿಟ್ಟೆ ಇಟ್ಟದ್ದನ್ನು. ಅಂದರೆ ಸುಮಾರು 40 ಸಾವಿರ ಹುಳು. ಒಂದು ತಾಯಿ ತಪ್ಪಿದರೆ 400 ಹುಳು ತಪ್ಪಿದ ಹಾಗೆ.

ಗಂಡು ಹೆಣ್ಣು ಮೂರು ನಾಲ್ಕು ಗಂಟೆ ಕೂಡಿದ ಮೇಲೆ ಬಿಡಿಸ್ತಾರೆ. ಎಳೀಬಾರದು, ಮೆಲ್ಲಗೆ ತಿರುಗಿಸಿ ಬಿಡಿಸಬೇಕು. ಆಮೇಲೆ ಹೆಣ್ಣನ್ನು ಹಾಳೆಯ ಮೇಲಿಟ್ಟು ಕತ್ತಲು ಮಾಡ್ತಾರೆ. ಮೊಟ್ಟೆ ಇಟ್ಟ ತಾಯಿಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡ್ತಾರೆ. ಗಂಟುರೋಗ ತಾಯಿಯಿಂದ ಮೊಟ್ಟೆಗೆ ಬರುತ್ತೆ, ಅದಕ್ಕೆ. ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ ಅನ್ನೋ ವಿಜ್ಞಾನಿ 1865ರಲ್ಲಿ ಈ ರೋಗದ ಬೆನ್ನು ಹತ್ತಿ ತಾಯಿಯನ್ನು ಪರೀಕ್ಷೆ ಮಾಡೋ ದಾರಿ ತೋರಿಸಿದರು. ಒಂದೊಂದೇ ತಾಯಿಯನ್ನು ನೋಡುವ ಕಡೆ ಚಿಟ್ಟೆಗೂ ಹಾಳೆಗೂ ಒಂದೇ ನಂಬರು. ರೋಗ ಕಂಡರೆ ಆ ನಂಬರಿನ ಮೊಟ್ಟೆ ಸುಡಬೇಕು. 16 ಅನ್ನು 61 ಅಂತ ಓದಿದರೆ ರೋಗದ ಮೊಟ್ಟೆ ಉಳಿಯುತ್ತೆ, ಒಳ್ಳೆಯದು ಬೆಂಕಿಗೆ ಹೋಗುತ್ತೆ.

ನೀವೂ ಮೊಟ್ಟೆ ತಂದಾಗ ಹಾಳೆ ಮೇಲೆ ಬರೆದದ್ದು ಓದಿ. ಯಾವ ತಳಿ, ಇಟ್ಟ ತಾರೀಖು ಯಾವುದು ನೋಡಿ. ಬರೆದಿಲ್ಲದಿದ್ದರೆ ಕೇಳಿ, ನಾಚಿಕೆ ಬೇಡ.

ಈಗ ಈ ತಟ್ಟೆ ನಿಮ್ಮ ಮುಂದೆ ಇಡ್ತೀನಿ. ಹತ್ತು ಕೋಶ ಇವೆ. ಒಬ್ಬೊಬ್ಬರೇ ಬನ್ನಿ. ತಿರುಗಿಸಿ ನೋಡಿ, ಹೆಣ್ಣೆಷ್ಟು ಗಂಡೆಷ್ಟು ಅಂತ ಸ್ಲೇಟಿನ ಮೇಲೆ ಬರೀರಿ.