ಮೃಗಾಲಯದಲ್ಲಿ ಮೇಷ್ಟ್ರಿಗೊಂದು ಪಾಠ

ಈ ಹೊತ್ತು ನಾನು ಗಡಿಯೂರುಗಳ ಶಾಲೆಯ ಮೇಷ್ಟ್ರು, ಟೀಚರುಗಳೊಡನೆ ಮಾತಾಡಬೇಕೆಂದಿದ್ದೇನೆ. ಮಕ್ಕಳ ತಂದೆತಾಯಿಗಳೂ ಕೇಳಿರಿ. ವಿಷಯ ನಿಮ್ಮ ಹೊಲದ ಬೇಲಿಗೂ ಸಂಬಂಧಪಟ್ಟದ್ದೇ.

ಶಾಲೆಯ ಮಕ್ಕಳನ್ನು ಮೈಸೂರಿಗೆ ಪ್ರವಾಸ ಕರೆದುಕೊಂಡು ಹೋಗಿದ್ದೀರಲ್ಲವೇ? ಬೆಳಿಗ್ಗೆ ಬೆಟ್ಟ, ಮಧ್ಯಾಹ್ನ ಅರಮನೆ, ನಡುವೆ ಮೃಗಾಲಯ. ಕೈಯಲ್ಲಿ ಸೀಟಿ, ಬಾಯಲ್ಲಿ 'ಬೇಗ ನಡೀರಿ, ಬಸ್ಸಿಗೆ ಹೊತ್ತಾಯ್ತು'. ಮಗು ಜಿರಾಫೆಯ ಕತ್ತಿನ ತುದಿಯವರೆಗೆ ಕಣ್ಣೆತ್ತುವಷ್ಟರಲ್ಲಿ ಸಾಲು ಮುಂದೆ ಹೋಗಿರುತ್ತದೆ. ಮರುದಿನ ತರಗತಿಯಲ್ಲಿ ಏನು ನೋಡಿದೆ ಎಂದು ಕೇಳಿದರೆ, ಐಸ್‌ಕ್ರೀಮು ಎನ್ನುತ್ತದೆ. ತಪ್ಪು ಮಗುವಿನದಲ್ಲ. ಬಹಳ ವರ್ಷ ನಾನೂ ಹೀಗೇ ಸೀಟಿ ಊದಿದವನು.

ಮೈಸೂರಿನ ಮೃಗಾಲಯ ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ, 1892ರಲ್ಲಿ, ಹತ್ತೆಕರೆ ಜಾಗದಲ್ಲಿ ಶುರುವಾಯಿತು. ಈಗ ಅದರ ವಿಸ್ತಾರ 157 ಎಕರೆ. ಪ್ರಾಣಿಗಳನ್ನು ತೋರಿಸಿದರೆ ಸಾಲದು, ತೋರಿಸುವ ಮೇಷ್ಟ್ರೂ ಕಲಿಯಬೇಕು ಎಂಬ ವಿಚಾರ ಬಲಗೊಂಡದ್ದು ಬಹಳ ತಡವಾಗಿ. ಯೋಗ, ಸಂಸ್ಕೃತ ಕಲಿಯಲು ಮೈಸೂರಿಗೆ ಬಂದ ಅಮೆರಿಕದ ಸ್ಯಾಲಿ ವಾಕರ್ ಎಂಬ ಹೆಣ್ಣುಮಗಳು ಇದಕ್ಕಾಗಿ ಬಹಳ ದುಡಿದರು. ಮೊದಲು ಮೈಸೂರು ಮೃಗಾಲಯದ ಗೆಳೆಯರ ಕೂಟ ಕಟ್ಟಿದರು. 1985ರಲ್ಲಿ ಝೂ ಔಟ್‌ರೀಚ್ ಸಂಸ್ಥೆ ಹುಟ್ಟಿತು. ಆ ಸಂಸ್ಥೆ ಆಮೇಲೆ ಕೊಯಮತ್ತೂರಿಗೆ ಹೋಗಿ ನೆಲೆಸಿತು. 2019ರಲ್ಲಿ ಆಕೆ ತೀರಿಕೊಂಡರು. ನೋಡಿ, ನಮ್ಮ ಊರಿನ ಆನೆ ಹುಲಿಗಳ ಪಾಠ ನಮಗೆ ಹೇಳಲು ಅಷ್ಟು ದೂರದವರು ಬರಬೇಕಾಯಿತು!

ಇಂಥ ಕಾರ್ಯಾಗಾರವೊಂದಕ್ಕೆ ನಾನು ಹೋದಾಗ ಮೊದಲ ಕೆಲಸ ಏನು ಕೊಟ್ಟರು ಗೊತ್ತೇ? ಒಂದೇ ಆವರಣದ ಮುಂದೆ ಕಾಲು ಗಂಟೆ ಮಾತಿಲ್ಲದೆ ನಿಲ್ಲಬೇಕು, ಕಂಡದ್ದನ್ನು ಬರೆಯಬೇಕು. ನನ್ನ ಪಾಲಿಗೆ ಆನೆ ಬಂತು. ಆನೆ ಹುಲ್ಲಿನ ಕಟ್ಟನ್ನು ಕಾಲಿಗೆ ಬಡಿದು ಮಣ್ಣು ಉದುರಿಸಿ ತಿನ್ನುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆಮೇಲೆ ದಾರದ ಆಟ. ಒಬ್ಬರು ಹುಲ್ಲು, ಒಬ್ಬರು ಜಿಂಕೆ, ಒಬ್ಬರು ಹುಲಿ, ಒಬ್ಬರು ಕೆರೆ. ಎಲ್ಲರ ಕೈಗೂ ಒಂದೇ ದಾರ. ಕೆರೆಯಾದವರು ಕೈಬಿಟ್ಟರೆ ಹುಲಿಯ ಕೈಯ ದಾರವೂ ಸಡಿಲ. ಐವತ್ತು ದಾಟಿದ ಹೆಡ್‌ಮಾಸ್ತರರು ಕಪ್ಪೆಯಾಗಿ ಕೂತದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ.

ಸಂಜೆ ತಾಳವಾಡಿ ಕಡೆಯ ಟೀಚರೊಬ್ಬರು ಎದ್ದು ನಿಂತರು. "ಪ್ರಾಣಿಗಳನ್ನು ಪ್ರೀತಿಸಿ ಎಂದು ನೀವು ಹೇಳಿಕೊಡ್ತೀರಿ. ನನ್ನ ಮಕ್ಕಳ ಅಪ್ಪಂದಿರು ರಾತ್ರಿಯಿಡೀ ಅಟ್ಟಣೆ ಮೇಲೆ ಕೂತು ಆನೆ ಕಾಯ್ತಾರೆ. ನಾನು ಪ್ರೀತಿಸಿ ಅಂದರೆ ಆ ಮಕ್ಕಳು ನನ್ನ ಮುಖ ನೋಡ್ತವೆ. ಏನು ಹೇಳಲಿ?" ಎಂದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನನಗೆ ಅಂದಿನ ಕಾರ್ಯಾಗಾರ ನಿಜವಾಗಿ ಶುರುವಾದದ್ದು ಆಗ.

ಬೆಳಿಗ್ಗೆ ಮೃಗಾಲಯದಲ್ಲಿ 'ಪ್ರಾಣಿಗಳಿಗೆ ತಿಂಡಿ ಕೊಡಬೇಡಿ' ಎಂಬ ಹಲಗೆ ಓದಿದ್ದೆವು. ಅದೇ ಮಾತನ್ನು ದಿಂಬಂ ಘಾಟಿಯ ದಾರಿಗೆ ತನ್ನಿ ಎಂದರು ಅಲ್ಲಿದ್ದ ಹಿರಿಯರೊಬ್ಬರು. ಆಸನೂರು, ಕಾರಪಳ್ಳಂ ಕಡೆ ಕಬ್ಬಿನ ಲಾರಿಗೆ ಆನೆ ಅಡ್ಡ ನಿಲ್ಲುವುದು ನಿಮಗೆಲ್ಲ ಗೊತ್ತು. ಒಂದು ದಿನ ಯಾರೋ ಎರಡು ಜಲ್ಲೆ ಎಸೆಯುತ್ತಾರೆ. ಮರಿ ತಾಯಿಯ ಪಕ್ಕದಲ್ಲೇ ನಿಂತು ಅದನ್ನು ಕಲಿಯುತ್ತದೆ. ದಿನಕ್ಕೆ ನೂರೈವತ್ತು ಕಿಲೋ ಮೇವು ಬೇಕಾದ ಪ್ರಾಣಿಗೆ ಕಾಡೆಲ್ಲ ಅಲೆಯುವುದಕ್ಕಿಂತ ರಸ್ತೆಯೇ ಸುಲಭವೆನಿಸುತ್ತದೆ. ಪ್ರೀತಿಸು ಎನ್ನುವುದಕ್ಕಿಂತ, ಕಬ್ಬು ಎಸೆಯಬೇಡ, ಸಂಜೆ ಆನೆದಾರಿಯಲ್ಲಿ ಒಂಟಿಯಾಗಿ ಬರಬೇಡ, ಕಲ್ಲು ಹೊಡೆದು ಕೆಣಕಬೇಡ ಎನ್ನಿ. ಈ ಮಾತು ಮಗುವಿಗೂ ಗೊತ್ತಾಗುತ್ತದೆ, ಅದರ ಅಪ್ಪನಿಗೂ. ಹಾಳಾದ ಬೆಳೆಗೆ ಅದರಿಂದ ಪರಿಹಾರ ಸಿಕ್ಕುವುದಿಲ್ಲ ಎಂದು ಆ ಟೀಚರು ಹೇಳಿದರು. ಅದೂ ನಿಜವೇ.

ಇನ್ನೊಂದು ಮಾತು, ನಮ್ಮಂಥ ಎರಡು ಭಾಷೆಯವರಿಗೆ. ಹಾವಿನ ಮನೆಯಲ್ಲಿ ಕೊಳಕುಮಂಡಲ ತೋರಿಸಿದಾಗ ಅದರ ಹೆಸರನ್ನು ಎರಡು ಸಲ ಹೇಳಿಕೊಡಿ. ತಮಿಳಿನವರು ಕಣ್ಣಾಡಿ ವಿರಿಯನ್ ಎನ್ನುತ್ತಾರೆ, ವಯನಾಡಿನ ಕಡೆ ಅಣಲಿ ಎನ್ನುತ್ತಾರೆ. ನಮ್ಮ ಕಟ್ಟುಹಾವು ತಮಿಳಿನಲ್ಲಿ ಕಟ್ಟುವಿರಿಯನ್, ಮಲಯಾಳದಲ್ಲಿ ವೆಳ್ಳಿಕೆಟ್ಟನ್. ಕಚ್ಚಿಸಿಕೊಂಡ ಮಗುವನ್ನು ಆಸ್ಪತ್ರೆಗೆ ಒಯ್ದಾಗ ಅಲ್ಲಿಯ ಡಾಕ್ಟರಿಗೆ ನಮ್ಮ ಕನ್ನಡದ ಹೆಸರು ಗೊತ್ತಿರಬೇಕೆಂದೇನಿಲ್ಲ. ಹಾಗೆಂದು ಹಾವನ್ನು ಹುಡುಕಿ ಕೊಂದು ಒಯ್ಯುವ ಸಾಹಸ ಬೇಡ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷಕ್ಕೂ ನಮ್ಮಲ್ಲಿ ಕೊಡುವ ಮದ್ದು ಒಂದೇ. ಕೊಯ್ಯುವುದು, ಚೀಪುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕೈಕಾಲು ಅಲುಗಿಸದೆ ಆಸ್ಪತ್ರೆಗೆ ಸಾಗಿಸಿ.

ಮುಂದಿನ ಪ್ರವಾಸಕ್ಕೆ ಮುಂಚೆ ನೀವೊಬ್ಬರೇ ಒಮ್ಮೆ ಮೃಗಾಲಯಕ್ಕೆ ಹೋಗಿಬನ್ನಿ. ಮಂಗಳವಾರ ಮಾತ್ರ ಬೇಡ, ಅಂದು ವಾರದ ರಜೆ. ಶಿಕ್ಷಕರಿಗೆ ತರಬೇತಿ ಯಾವಾಗ ಎಂದು ಕಚೇರಿಯಲ್ಲೇ ವಿಚಾರಿಸಿ. ಮಕ್ಕಳನ್ನು ಕರೆದುಕೊಂಡು ಹೋದಾಗ ಇಡೀ ಮೃಗಾಲಯ ಬೇಡ, ಮೂರೇ ಆವರಣ ನೋಡಲಿ. ಸೀಟಿಯನ್ನು ಬಸ್ಸಿನಲ್ಲೇ ಬಿಟ್ಟುಹೋಗಿ.