ಆಟಕ್ಕೆ ಹೋದ್ರೆ ಸಂಬಳ ಕಟ್: 1928ರ ಆಮ್‌ಸ್ಟರ್‌ಡ್ಯಾಮ್ ಕಥೆ

ಇವತ್ತಿನ ಎಪಿಸೋಡ್ ಫುಟ್‌ಬಾಲ್ ಬಗ್ಗೆ. ಆದ್ರೆ ಇದರಲ್ಲಿ ಮೆಸ್ಸಿ, ರೊನಾಲ್ಡೊ ಯಾರೂ ಬರಲ್ಲ. ನಾವು ಹೋಗ್ತಿರೋದು 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ಗೆ.

ಈ ಊರಿನ ಹೆಸರು ನೀವು ಕೇಳಿರ್ತೀರಿ. ಧ್ಯಾನ್‌ಚಂದ್ ಆಡಿದ ಭಾರತ ತಂಡ ಹಾಕಿಯಲ್ಲಿ ಮೊದಲ ಚಿನ್ನ ಗೆದ್ದದ್ದು ಅಲ್ಲೇ. ಆ ಫೈನಲ್ ನಡೆದದ್ದು ಮೇ 26ಕ್ಕೆ. ಮಾರನೇ ದಿನವೇ ಫುಟ್‌ಬಾಲ್ ಶುರುವಾಯ್ತು. ಆಡೋಕೆ ಬಂದಿದ್ದು 17 ದೇಶಗಳು.

ಆಗಿನ್ನೂ ವಿಶ್ವಕಪ್ ಇರಲಿಲ್ಲ. ಫುಟ್‌ಬಾಲ್‌ನಲ್ಲಿ ಒಲಿಂಪಿಕ್ಸೇ ದೊಡ್ಡದು. ಆದ್ರೆ ಒಂದು ಷರತ್ತು: ಆಡುವವರು ಅಮೆಚೂರ್ ಆಗಿರಬೇಕು, ಅಂದ್ರೆ ಆಟಕ್ಕೆ ದುಡ್ಡು ತಗೋಬಾರದು.

ಕೇಳೋಕೆ ಚೆನ್ನಾಗಿದೆ. ಈಗ ಲೆಕ್ಕ ಹಾಕಿ. ಉರುಗ್ವೆ ನಾಯಕ ಹೊಸೆ ನಸಾಸಿ ಅಮೃತಶಿಲೆ ಕತ್ತರಿಸೋ ಕೆಲಸ ಮಾಡಿದವರು. ಅಂಥ ಒಬ್ಬ ಕೆಲಸಗಾರ ಯುರೋಪಿಗೆ ಹೋಗಬೇಕು ಅಂದ್ರೆ ಹಡಗಲ್ಲೇ ವಾರಗಟ್ಟಲೆ ಕಳೀಬೇಕು. ಅಷ್ಟೂ ದಿನ ಕೂಲಿ ಇಲ್ಲ. ಮನೆ ನಡೆಯೋದು ಹೇಗೆ?

ಹೀಗೆ ತಪ್ಪಿಹೋದ ಕೂಲಿಯನ್ನ ತುಂಬಿಕೊಡೋ ಹಣಕ್ಕೆ ‘ಬ್ರೋಕನ್ ಟೈಮ್’ ಅಂತಿದ್ರು. ಕೊಡಬಹುದು ಅನ್ನೋ ಕಡೆ ಫಿಫಾ ವಾಲಿತು. ಬ್ರಿಟನ್ನಿನ ನಾಲ್ಕು ಸಂಘಗಳು ಸುತಾರಾಂ ಒಪ್ಪಲಿಲ್ಲ. ದುಡ್ಡು ತಗೊಂಡ ಮೇಲೆ ಅವನು ಅಮೆಚೂರ್ ಹೇಗಾಗ್ತಾನೆ ಅನ್ನೋದು ಅವರ ವಾದ. 1928ರ ಫೆಬ್ರವರಿಯಲ್ಲಿ ಫಿಫಾ ಬಿಟ್ಟು ಹೊರನಡೆದರು. ಇಂಗ್ಲೆಂಡಿನಲ್ಲಿ ಸಂಬಳದ ಫುಟ್‌ಬಾಲ್‌ಗೆ 1885ರಲ್ಲೇ ಒಪ್ಪಿಗೆ ಸಿಕ್ಕಿತ್ತು, ನೆನಪಿರಲಿ.

ಇನ್ನು ಮೈದಾನಕ್ಕೆ ಬರೋಣ. ಫೈನಲ್‌ಗೆ ಬಂದಿದ್ದು ನೆರೆಹೊರೆಯ ಉರುಗ್ವೆ ಮತ್ತು ಅರ್ಜೆಂಟೀನಾ. ಜೂನ್ 10ಕ್ಕೆ 1-1 ಸಮ. ಆಗ ಪೆನಾಲ್ಟಿ ಶೂಟೌಟ್ ಇರಲಿಲ್ಲ, ಮತ್ತೆ ಆಡಬೇಕಿತ್ತು. ಜೂನ್ 13ಕ್ಕೆ ಸ್ಕಾರೊನೆ ಹೊಡೆದ ಗೋಲಿನಿಂದ ಉರುಗ್ವೆ 2-1 ಗೆದ್ದಿತು. 1924ರ ಪ್ಯಾರಿಸ್ ಆದ್ಮೇಲೆ ಇದು ಅವರಿಗೆ ಸತತ ಎರಡನೇ ಚಿನ್ನ.

ಅದೇ ಊರಲ್ಲಿ, ಅದೇ ಮೇ ತಿಂಗಳಲ್ಲಿ ಫಿಫಾ ಸಭೆ ಸೇರಿ ಒಂದು ತೀರ್ಮಾನ ಮಾಡಿತ್ತು: ನಮ್ಮದೇ ಒಂದು ಟೂರ್ನಿ ಮಾಡೋಣ, ಸಂಬಳ ತಗೊಳ್ಳೋರೂ ಆಡಲಿ, ತಗೊಳ್ಳದೇ ಇರೋರೂ ಆಡಲಿ. ಅದೇ ವಿಶ್ವಕಪ್. 1930ರಲ್ಲಿ ಉರುಗ್ವೆಯಲ್ಲೇ ನಡೀತು, ಗೆದ್ದದ್ದೂ ಅವರೇ. 13 ತಂಡಗಳಲ್ಲಿ ಯುರೋಪಿನವು ನಾಲ್ಕೇ. ಅಲ್ಲೂ ಹಡಗಿನ ಪ್ರಯಾಣವೇ ಅಡ್ಡಿ!

1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಫುಟ್‌ಬಾಲೇ ಇರಲಿಲ್ಲ. 1936ರಲ್ಲಿ ಬರ್ಲಿನ್‌ಗೆ ವಾಪಸ್ ಬಂತು. ಆದ್ರೆ ಅಷ್ಟರಲ್ಲಿ ದೊಡ್ಡ ಆಟ ವಿಶ್ವಕಪ್ ಕಡೆ ಹೋಗಿಬಿಟ್ಟಿತ್ತು.

ಕೊನೆಯದಾಗಿ ಒಂದು ಹೆಸರು: ಹೊಸೆ ಲಿಯಾಂಡ್ರೊ ಆಂಡ್ರಾಡೆ. ಉರುಗ್ವೆಯ ಕಪ್ಪು ವರ್ಣೀಯ ಆಟಗಾರ. ಎರಡು ಒಲಿಂಪಿಕ್ ಚಿನ್ನ, ಒಂದು ವಿಶ್ವಕಪ್. ಪ್ಯಾರಿಸ್ ಜನ ಅವರ ಆಟಕ್ಕೆ ಮರುಳಾಗಿದ್ರು. 1957ರಲ್ಲಿ ಮಾಂಟೆವಿಡಿಯೊದಲ್ಲಿ ತೀರಿಕೊಂಡಾಗ ಅವರು ಕಡುಬಡವ.

ನಿಮ್ಮ ಏರಿಯಾ ಟೀಮಲ್ಲೂ ಡೆಲಿವರಿ ಶಿಫ್ಟ್ ಬಿಟ್ಟು ಮ್ಯಾಚ್‌ಗೆ ಬರೋ ಹುಡುಗ ಒಬ್ಬ ಇರ್ತಾನೆ. ಅವನ ಆ ದಿನದ ದುಡ್ಡು ಎಲ್ಲಿಂದ ಬರುತ್ತೆ ಅಂತ ಟೀಮಲ್ಲಿ ಯಾರಾದ್ರೂ ಕೇಳಿದ್ದೀರಾ? ಕೇಳಿ ನೋಡಿ. ಮುಂದಿನ ವಾರ ಸಿಗೋಣ.